ಜರ್ಮನಿಯ ಎಡಗಣ್ಣು

ಬೆಳಗ್ಗೆ ಎತ್ತಿನ ಗಾಡಿಯಿಂದ ಇಳಿದಾಗ ಜರ್ಮನಿಯ ಎಡಗಣ್ಣು ಸರಿಯಾಗಿಯೇ ಇತ್ತು. ಇದನ್ನು ಗೋಪಾಲಪ್ಪ ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲ. ಅವನು ಒಳಗೆ ಹೋಗಿ ಹಾಲಿನ ತಟ್ಟೆ ತೊಳೆದು ತರುವಷ್ಟರಲ್ಲಿ ಬೆಕ್ಕು ಹಿತ್ತಿಲ ಗೋಡೆ ಹಾರಿ ಎಲ್ಲಿಗೋ ಹೋಗಿತ್ತು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಸೀನುತ್ತ ವಾಪಸು ಬಂತು. ಬಂದದ್ದು ಒಂದೇ ಕಣ್ಣಿನಲ್ಲಿ. ಇನ್ನೊಂದು, ಸಂತೆ ಮುಗಿದ ಮೇಲಿನ ಅಂಗಡಿಯ ಹಾಗೆ ಬಾಗಿಲು ಹಾಕಿಕೊಂಡಿತ್ತು. ರೆಪ್ಪೆಯ ಸಂದಿಯಿಂದ ನೀರು ಸುರಿಯುತ್ತಿತ್ತು.

ಜರ್ಮನಿ ಅನ್ನುವುದು ಬೆಕ್ಕಿನ ಹೆಸರು. ಯುದ್ಧ ಶುರುವಾದ ವರ್ಷ ಹುಟ್ಟಿತ್ತು. ಅಕ್ಕಪಕ್ಕದ ಅಡಿಗೆಮನೆಗಳ ಗಡಿಯನ್ನು ಅದು ಒಂದು ದಿನವೂ ಲೆಕ್ಕಕ್ಕೆ ಇಟ್ಟಿರಲಿಲ್ಲವಾದ್ದರಿಂದ ರಾಜಘಟ್ಟದ ಜನ ಯೋಚಿಸಿಯೇ ಆ ಹೆಸರು ಇಟ್ಟಿದ್ದರು.

ಬೆಕ್ಕು ಗೋಪಾಲಪ್ಪನದೇ ಆಗಿದ್ದರೆ ಒಂದು ಕಣ್ಣಿನಲ್ಲಿ ಲೋಕ ನೋಡಿಕೊಂಡಿರು ಎಂದು ಅವನು ಸುಮ್ಮನಾಗುತ್ತಿದ್ದನೇನೋ. ಆದರೆ ಅದು ರಾಜಘಟ್ಟದ ಸೋದರತ್ತೆ ಅಕ್ಕಯಮ್ಮನ ಮನೆಯದು. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ಮಗಳು ಲಕ್ಷ್ಮೀದೇವಿಯದು.

ಗೋಪಾಲಪ್ಪ ದೊಡ್ಡಬಳ್ಳಾಪುರದ ಒಂದು ರೇಷನ್ ಡಿಪೋದಲ್ಲಿ ರಾಗಿ ತೂಗುವ ಕೆಲಸದಲ್ಲಿದ್ದ. ಮಗ್ಗಗಳ ಬೀದಿಯ ಹಿಂದೆ ಒಂದು ಕೋಣೆ, ಒಂದು ಹಿತ್ತಿಲು, ಒಂಟಿ ಊಟ. ರಾಗಿ ತೂಗುವಾಗ ತಕ್ಕಡಿಯ ಒಂದು ಬದಿಯಲ್ಲಿ ಅವನಿಗೆ ಲಕ್ಷ್ಮೀದೇವಿಯೇ ಕಾಣುತ್ತಿದ್ದಳು. ಇನ್ನೊಂದು ಬದಿಯಲ್ಲಿ ಎಷ್ಟು ಕಲ್ಲಿಟ್ಟರೂ ತಕ್ಕಡಿ ಮೇಲೇಳುತ್ತಿರಲಿಲ್ಲ. ಆದರೆ ಈ ಮಾತನ್ನು ಅತ್ತೆಯ ಹತ್ತಿರ ಎತ್ತುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಇವತ್ತು ಬೆಳಗ್ಗೆ ಅತ್ತೆಯೇ ಎತ್ತಿದ್ದಳು. ತಾಯಿ ಮಗಳು ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟವರು, ಬಸ್ಸಿಗೆ ಮುಂಚೆ ಅವನ ಬಾಗಿಲಿಗೆ ಬಂದು ಒಂದು ಮುಚ್ಚಿದ ಕುಕ್ಕೆ ಇಳಿಸಿದರು.

"ಲೋ ಗೋಪಾಲ, ಮನೆ ಬೀಗ ಹಾಕ್ಕೊಂಡು ಹೊಂಟಿದೀವಿ. ಸಾಯಂಕಾಲದವರ್ಗೂ ಇದನ್ನ ನೋಡ್ಕೋ. ಇದು ಲಕ್ಷ್ಮೀದೇವಿ ಜೀವ ಕಣೋ. ಹೆಂಗೆ ಕೊಟ್ಟಿದೀವೋ ಹಂಗೇ ಇರ್ಬೇಕು."

"ಬಿಡತ್ತೆ, ನನ್ ಕಣ್ಣಿನಂಗೆ ನೋಡ್ಕೋತೀನಿ."

"ಬಂದ್ಮೇಲೆ ನಾಲ್ಕು ಜನದ ಮುಂದೆ ನಿನ್ ಕೈಗೆ ಎಲೆ ಅಡಿಕೆ ಕೊಡೋದೈತೆ. ಎಲ್ಗಾದ್ರೂ ಹೋಗ್ಬಿಟ್ಟೀಯ. ಆದ್ರೆ ಮೊದ್ಲು ಬೆಕ್ಕು ನೋಡ್ತೀನಿ. ಒಂದು ಬೆಕ್ಕು ನೋಡ್ಕೊಳಕ್ಕಾಗ್ದೋನ ಹತ್ರ ನಂಗೇನು ಮಾತು?"

ಎಲೆ ಅಡಿಕೆ! ಗೋಪಾಲಪ್ಪನ ಕಿವಿ ಬಿಸಿಯಾಯಿತು. ಅವನು ಲಕ್ಷ್ಮೀದೇವಿಯ ಕಡೆ ನೋಡಿದ. ಅವಳು ಕುಕ್ಕೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಕಣ್ಣು ತುಂಬಿತ್ತು.

"ಬಾವ, ಹಾಲಿಗೆ ನೀರು ಬೆರೆಸ್ಬೇಡ. ಅದ್ಕೆ ಗೊತ್ತಾಗ್ತದೆ" ಎಂದಳು.

ಬಾವ ಎಂಬ ಆ ಒಂದು ಮಾತಿನಲ್ಲಿ ಬೆಲ್ಲ, ತುಪ್ಪ, ಏಲಕ್ಕಿ ಎಲ್ಲ ಇದ್ದವು. ಕಣ್ಣೀರು ತನಗಾಗಿಯೇ ಎಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಯುದ್ಧದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಕ್ಷಯದವನ ಹಾಗೆ ಕೆಮ್ಮುತ್ತ ಅವರಿಬ್ಬರನ್ನೂ ಹೊತ್ತುಕೊಂಡು ಹೋಯಿತು. ಗೋಪಾಲಪ್ಪ ಡಿಪೋಗೆ ಹೊಟ್ಟೆನೋವೆಂದು ಹೇಳಿ ಕಳಿಸಿ, ಹಾಲಿನ ತಟ್ಟೆ ತೊಳೆಯಲು ಒಳಗೆ ಹೋದ. ಅನಾಹುತ ಆದದ್ದು ಆಗಲೇ.

ಎದುರು ಮನೆಯ ಜಗಲಿಯಿಂದ ಅಪ್ಪಯ್ಯಣ್ಣ ಮೊದಲು ಬಂದ. ಅವನು ಅಮಲ್ದಾರರ ಕಚೇರಿಯಲ್ಲಿ ದಫೇದಾರನಾಗಿದ್ದವನು. ಎದೆಗೆ ಅಡ್ಡ ಹಾಕುವ ಡವಾಲಿ ಪಟ್ಟಿ ಬಿಚ್ಚಿಟ್ಟು ಎಷ್ಟೋ ಕಾಲವಾಗಿದ್ದರೂ ಎದೆ ಮಾತ್ರ ಅದರ ಹಿಂದೆಯೇ ಉಬ್ಬಿಕೊಂಡಿತ್ತು. ಅವನು ಬೆಕ್ಕನ್ನು ಬಿಟ್ಟು ಎಲೆ ಅಡಿಕೆಯ ಸಂಗತಿಯನ್ನು ವಿಚಾರಿಸಿದ.

"ನಾಲ್ಕು ಜನದ ಮುಂದೆ ಅಂದ್ಳಾ? ಹಂಗಾದ್ರೆ ಆಯ್ತಲ್ಲಪ್ಪ, ಲಗ್ನ ಆದಂಗೆ! ಸೋದರತ್ತೆ ಮಗಳು, ಹಕ್ಕು ನಿಂದು. ನೀನಾಗಿ ನಾಲ್ಕು ಜನದ ಮುಂದೆ ಬಿಟ್ಕೊಡೋವರ್ಗೂ ಆ ಹುಡುಗೀನ ಬ್ರಹ್ಮ ಬಂದ್ರೂ ಹೊರಗೆ ಕೊಡಂಗಿಲ್ಲ."

"ಬೆಕ್ಕಿನ ಕಣ್ಣಣ್ಣ…"

"ಹೂಂ. ಅದೊಂದು ಐತೆ." ಅಪ್ಪಯ್ಯಣ್ಣ ಬಗ್ಗಿ ನೋಡಿ, ಕಡತ ಓದಿದವನ ಹಾಗೆ ತಲೆಯಾಡಿಸಿದ. "ಉಷ್ಣ. ನಂದಿಬಟ್ಟಲು ಹೂವ ನೀರಾಗೆ ನೆನೆಸಿ ಕಣ್ಮೇಲೆ ಇಡು. ಅಮಲ್ದಾರ್ರಿಗೇ ಇಟ್ಟಿದೀನಿ ನಾನು."

ನಂದಿಬಟ್ಟಲು ಇದ್ದದ್ದು ಬೀದಿ ಕೊನೆಯ ಗುಡಿಯ ಗೋಡೆಯಾಚೆ. ಗೋಪಾಲಪ್ಪ ಗೋಡೆ ಹತ್ತಿದ. ಇಳಿಯುವ ಕೆಲಸವನ್ನು ಗೋಡೆಯೇ ಮಾಡಿತು. ಒಂದು ಹಿಡಿ ಹೂವು, ಸೊಂಟದಿಂದ ಮೊಣಕಾಲಿನವರೆಗೆ ಹರಿದ ಪಂಚೆ, ಇವೆರಡನ್ನೂ ಹಿಡಿದುಕೊಂಡು ಅವನು ಓಡಿಬಂದ. ಅಮಲ್ದಾರರು ಸುಮ್ಮನೆ ಮಲಗಿದ್ದರೋ ಏನೋ, ಜರ್ಮನಿ ಮಲಗಲಿಲ್ಲ. ಹೂವನ್ನು ಅವನ ಮುಖಕ್ಕೇ ಒದೆದು ಅಟ್ಟ ಹತ್ತಿತು.

ಅಟ್ಟದಿಂದ ಅದನ್ನು ಇಳಿಸುವ ಗದ್ದಲಕ್ಕೆ ಪಕ್ಕದ ಮನೆಯ ಮುನಿತಾಯಮ್ಮ ಬಂದಳು. ಕೈಯಲ್ಲಿ ಒನಕೆ, ಮೂಗು ಬಾಯಿಗೆ ಬಿಗಿದ ಸೆರಗು. ಸೆರಗು ಸರಿಸಿ ಮೊದಲು ಚೆನ್ನಾಗಿ ಸೀನಿದಳು, ಆಮೇಲೆ ಮಾತಾಡಿದಳು.

"ಕಣ್ಣಿಗೆ ಹೂವ ಇಕ್ತಾರೇನೋ, ಅದೇನು ದೇವ್ರಾ? ಎದೆಹಾಲು ಬಿಡ್ಬೇಕು. ಎರಡೇ ಹನಿ. ಕಣ್ಣು ಕನ್ನಡಿಯಂಗೆ ಆಗ್ತದೆ. ನಮ್ಮ ಸೊಣ್ಣಮ್ಮ ಬಾಣಂತನಕ್ಕೆ ಬಂದವ್ಳೆ, ತಡಿ, ಕೇಳ್ತೀನಿ." ಗೋಡೆಯಾಚೆ ಮುಖ ಮಾಡಿ ಕೂಗಿದಳು: "ಸೊಣ್ಣೀ! ಗೋಪಾಲಪ್ಪನ ಬೆಕ್ಕಿಗೆ ವಸಿ ಹಾಲು ಕೊಡ್ತೀಯೇನೇ?"

ಒಳಗಿನಿಂದ ಬೀದಿಯ ಮಗ್ಗಗಳೆಲ್ಲ ಒಂದು ಗಳಿಗೆ ನಿಲ್ಲುವಂಥ ದನಿ ಬಂತು: "ಅವ್ವಾ! ಬೆಕ್ಕಿಗಾ? ನಿಂಗೇನು ತಲೆ ಕೆಟ್ಟೈತಾ? ನಾನೇನು ಹಸಾನಾ?"

ಮುನಿತಾಯಮ್ಮ ಗೋಪಾಲಪ್ಪನ ಕಡೆ ತಿರುಗಿ, "ಮಗೀಗೇ ಸಾಲ್ದಂತೆ ಕಣಪ್ಪ" ಎಂದು ಸಮಾಧಾನವಾಗಿ ಹೇಳಿ ಒನಕೆ ಎತ್ತಿಕೊಂಡು ಹೋದಳು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಕೈಚೆಲ್ಲುತ್ತಿದ್ದರು. ಗೋಪಾಲಪ್ಪ ಹಲ್ಲು ಕಚ್ಚಿದ. ಹುಟ್ಟಿದಾಗಿನಿಂದ ಅವನು ಯಾವುದನ್ನೂ ಹಿಡಿದು ಸಾಧಿಸಿರಲಿಲ್ಲ. ಲೋಯರ್ ಸೆಕೆಂಡರಿಯನ್ನು ಅರ್ಧಕ್ಕೆ ಬಿಟ್ಟಿದ್ದ, ಕೊಳಲು ಕಲಿಯುವುದನ್ನು ಊದುವ ಮುಂಚೆಯೇ ಬಿಟ್ಟಿದ್ದ. ಇದೊಂದನ್ನು ಬಿಡುವುದಿಲ್ಲ. ಸಾಯಂಕಾಲ ಬಸ್ಸು ಬರುವ ಹೊತ್ತಿಗೆ ಈ ಬೆಕ್ಕು ಎರಡು ಕಣ್ಣು ಬಿಟ್ಟು ಅತ್ತೆಯನ್ನು ನೋಡಲೇಬೇಕು. ತಾನು ಸತ್ತರೂ ಸರಿ.

ಅಷ್ಟರಲ್ಲಿ ಬೈರಣ್ಣ ಬಂದ. ಅವನು ಎತ್ತಿನ ದಳ್ಳಾಳಿ. ಘಾಟಿಯ ದನದ ಪರಿಷೆಯಲ್ಲಿ ಹಲ್ಲು ಹಿಡಿದು ನೋಡಿ ಎತ್ತಿನ ವಯಸ್ಸು ಹೇಳುವವನು. ಅವನ ಪ್ರಕಾರ ಎತ್ತಿಗೂ ಬೆಕ್ಕಿಗೂ ಇದ್ದ ಭೇದ ಕೊಂಬಿನದು ಮಾತ್ರ.

"ಹೊಗೆಸೊಪ್ಪು ಅಗಿದು ಕಣ್ಣಿಗೆ ಉಗೀಬೇಕು ಗುರು. ಪೊರೆ ಇದ್ರೂ ಕಿತ್ಕೊಂಡು ಬರ್ತದೆ. ಎಷ್ಟು ಎತ್ತಿಗೆ ಮಾಡಿದೀನಿ! ನೀನು ಹಿಂಗೆ ಗಟ್ಟಿಯಾಗಿ ಹಿಡ್ಕೋ."

"ಬೇಡ ಬೈರಣ್ಣ, ಇದು ಸಣ್ಣ ಪ್ರಾಣಿ…"

"ಹಿಡಿಯಲಾ!"

ಹಿಡಿಯಬೇಕೆಂದಲ್ಲ, ಬೆಕ್ಕನ್ನು ತಪ್ಪಿಸಬೇಕೆಂದು ಗೋಪಾಲಪ್ಪ ಅದನ್ನು ಎದೆಗೆ ಒತ್ತಿಕೊಂಡು ಬಗ್ಗಿದ. ಬೈರಣ್ಣನ ಬಾಯಿಂದ ಔಷಧ ಹೊರಟಾಗಿತ್ತು. ಅದು ಗೋಪಾಲಪ್ಪನ ಬಲಗಣ್ಣಿನಲ್ಲಿ ಬಂದು ನಿಂತಿತು. ಅವನು ಕೂಗಿಕೊಂಡದ್ದನ್ನು ಕೇಳಿ ಬೈರಣ್ಣ, "ನೋಡು, ಹೆಂಗೆ ಹಿಡೀತು!" ಎಂದು ಔಷಧದ ಗುಣವನ್ನು ಮೆಚ್ಚಿಕೊಂಡ.

ಒಂದು ಕಣ್ಣಿನ ಗೋಪಾಲಪ್ಪ ಒಂದು ಕಣ್ಣಿನ ಬೆಕ್ಕನ್ನು ಕುಕ್ಕೆಯಲ್ಲಿ ಹಾಕಿಕೊಂಡು ದನದ ಆಸ್ಪತ್ರೆಗೆ ಓಡಿದ. ಹೋಟೆಲಿನ ಬೆಂಚಿನ ಮೇಲೆ ಪೇಪರು ಓದುತ್ತಿದ್ದವರೊಬ್ಬರು ತಡೆದು, ಏನು ಅವಸರ ಎಂದರು. "ಜರ್ಮನಿಗೆ ಕಣ್ಣು ಹೋಗೋಹಂಗೈತೆ ಸ್ವಾಮಿ!" ಎಂದು ಅವನು ಓಡುತ್ತಲೇ ಕೂಗಿದ. ಅವರು ಪೇಪರನ್ನು ಹಿಂದೆ ಮುಂದೆ ತಿರುವಿ ಹುಡುಕತೊಡಗಿದರು.

ಆಸ್ಪತ್ರೆಯ ಮುಂದೆ ಎತ್ತುಗಳು, ಎಮ್ಮೆಗಳು, ಒಂದು ಜಟಕಾ ಕುದುರೆ ಸಾಲಾಗಿ ನಿಂತಿದ್ದವು. ಕುಕ್ಕೆಯಿಂದ ಬಂದ ಒಂದು ಕೂಗಿಗೆ ಕುದುರೆ ಹಿಂಗಾಲಿನ ಮೇಲೆ ನಿಂತಿತು, ಎಮ್ಮೆಯೊಂದು ಹಗ್ಗ ಕಿತ್ತಿತು, ಸಾಲು ತಾನಾಗಿಯೇ ಕರಗಿ ಗೋಪಾಲಪ್ಪ ಮೇಜಿನ ಮುಂದೆ ಬಂದುಬಿಟ್ಟ. ಡಾಕ್ಟರು ತಲೆಯೆತ್ತದೆ ಕೇಳಿದರು.

"ಹಸುವೋ, ಎಮ್ಮೆಯೋ?"

"ಜರ್ಮನಿ ಸ್ವಾಮಿ."

"ಸೀಮೆ ಹಸುವೋ? ದಿನಕ್ಕೆ ಎಷ್ಟು ಹಾಲು ಕೊಡುತ್ತೆ?"

"ಕೊಡಲ್ಲ ಸ್ವಾಮಿ. ಕುಡೀತೈತೆ."

ಡಾಕ್ಟರು ತಲೆಯೆತ್ತಿದರು. ಕುಕ್ಕೆಯನ್ನು ನೋಡಿದರು. "ಬೆಕ್ಕು! ಏನಯ್ಯಾ, ಇದು ದನದ ಆಸ್ಪತ್ರೆ. ಎತ್ತಿಕೊಂಡು ಹೋಗು."

"ಹೋಗಲ್ಲ ಸ್ವಾಮಿ."

"ಏನಂದೆ?"

ಗೋಪಾಲಪ್ಪನಿಗೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಹೋಗಲ್ಲ. ಇದು ಕಣ್ಣು ಬಿಟ್ರೆ ನನ್ನ ಲಗ್ನ. ಬಿಡದಿದ್ರೆ ಇಲ್ಲ. ಬೇಕಾದ್ರೆ ಪೋಲೀಸಿನವ್ರನ್ನ ಕರೀರಿ, ನಾನು ಇಲ್ಲೇ ಕೂತ್ಕೋತೀನಿ." ಕೂತೂ ಬಿಟ್ಟ, ಸೆಗಣಿಯ ಮೇಲೆ.

ಡಾಕ್ಟರಿಗೂ ಹಿಂದೊಮ್ಮೆ ಲಗ್ನವಾಗಿತ್ತು. ಅವರು ನಿಟ್ಟುಸಿರು ಬಿಟ್ಟು ಬೆಕ್ಕಿನ ರೆಪ್ಪೆಯನ್ನು ಬಿಡಿಸಿ ನೋಡಿದರು. ಆಮೇಲೆ ಜೋರಾಗಿ ಸೀನಿದರು.

"ಖಾರ ಕಣಯ್ಯ! ಮೆಣಸಿನಪುಡಿ. ಮೈಯೆಲ್ಲ ಬಳಿದುಕೊಂಡಿದೆ. ಕಣ್ಣಿಗೇನೂ ಗಾಯ ಆಗಿಲ್ಲ. ಕಾಯಿಸಿ ಆರಿಸಿದ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಮತ್ತೆ ಮತ್ತೆ ತೊಳಿ. ಪಂಜದಲ್ಲಿ ಉಜ್ಜಿಕೊಳ್ಳೋಕೆ ಬಿಡಬೇಡ, ಉಜ್ಜಿದರೆ ಹುಣ್ಣಾಗುತ್ತೆ. ಊರವರ ಔಷಧಿ ಒಂದೂ ಬೇಡ. ಇವತ್ತೇ ಬಿಡುತ್ತೆ, ಬಿಡದಿದ್ದರೆ ನಾಳೆ ತಗೊಂಡು ಬಾ." ಆಮೇಲೆ ಅವನ ಮುಖ ನೋಡಿ ಕೇಳಿದರು: "ನಿನ್ನ ಕಣ್ಣಿಗೇನಾಯಿತು?"

"ನಂದಿರ್ಲಿ ಸ್ವಾಮಿ."

"ಇರಲಿ. ನಿನ್ನದಕ್ಕೆ ಇಲ್ಲಿ ಔಷಧ ಕೊಡೋ ಹಾಗೂ ಇಲ್ಲ."

ವಾಪಸು ಬಂದವನು ನೆಟ್ಟಗೆ ಮುನಿತಾಯಮ್ಮನ ಅಂಗಳಕ್ಕೆ ಹೋದ. ಒರಳಿನ ಪಕ್ಕದ ಮೊರದಲ್ಲಿ ಕೆಂಪಗೆ ಮೆಣಸಿನಪುಡಿ. ಅದರ ನಡುವೆ, ಯಾರೋ ಹಾಸಿಗೆಯಿಂದ ಈಗ ತಾನೇ ಎದ್ದುಹೋದ ಹಾಗೆ, ಬೆಕ್ಕಿನ ಅಳತೆಯ ಒಂದು ತಗ್ಗು.

"ಅಯ್ಯೋ, ನಿನ್ ಬೆಕ್ಕಾ ಹೊಳ್ಳಾಡಿದ್ದು!" ಮುನಿತಾಯಮ್ಮ ಸೊಂಟಕ್ಕೆ ಕೈಯಿಟ್ಟಳು. "ನಾನು ಬೆಳಗಿಂದ ಯಾವ ಹಾಳಾದ ನಾಯಿ ಅಂತ ಬಯ್ತಾ ಇದೀನಿ. ಬಿಸಿಲಿಗೆ ಬೆಚ್ಚಗಿತ್ತಲ್ಲ, ಮಲಗೈತೆ. ಇದನ್ನ ಮೊದ್ಲೇ ಹೇಳಿದ್ರೆ ಎದೆಹಾಲು ಯಾಕೆ ಕೇಳ್ತಿದ್ದೆ?"

ಗೋಪಾಲಪ್ಪ ಮನೆಗೆ ಓಡಿದ. ನೀರು ಕಾಯಿಸಿದ, ಆರಿಸಿದ. ಮೆತ್ತನೆ ಬಟ್ಟೆ ಎಂದು ಕೋಣೆಯೆಲ್ಲ ಹುಡುಕಿದ. ಉಟ್ಟ ಪಂಚೆಗೆ ಸೆಗಣಿ ಮೆತ್ತಿತ್ತು. ಇನ್ನು ಇದ್ದದ್ದು ಒಂದೇ, ಪೆಟ್ಟಿಗೆಯ ತಳದಲ್ಲಿ ಮಡಿಚಿಟ್ಟಿದ್ದ ರೇಷ್ಮೆ ಅಂಚಿನ ಹೊಸ ಪಂಚೆ. ಎಲೆ ಅಡಿಕೆಗೆ ಉಡಲೆಂದೇ ಬೆಳಗ್ಗೆ ಅದನ್ನು ಹೊರಗೆ ತೆಗೆದು ಮೂಸಿ ನೋಡಿ ಮತ್ತೆ ಇಟ್ಟಿದ್ದ. ಈಗ ಮತ್ತೊಮ್ಮೆ ಮೂಸಿದ. ಆಮೇಲೆ ಹಲ್ಲಿನಲ್ಲಿ ಕಚ್ಚಿ ಚರ್ರನೆ ಹರಿದ.

ಬೆಕ್ಕನ್ನು ತೊಡೆಯ ಮೇಲೆ ಕೆಡವಿ, ಮುಂಗಾಲು ಎರಡನ್ನೂ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ತೊಳೆಯಲು ಕೂತ. ಜರ್ಮನಿ ಪರಚಿತು, ಕಚ್ಚಿತು, ಕೇಳಬಾರದ ಮಾತೆಲ್ಲ ಆಡಿತು. ಅವನು ಬಿಡಲಿಲ್ಲ. ಹಣೆಯ ಬೆವರು ಕಣ್ಣಿಗಿಳಿದಾಗ ಮುಂಗೈಯಲ್ಲಿ ಒರೆಸಿಕೊಂಡ.

ಬೆಕ್ಕಿನ ಮೈಯ ಖಾರವೆಲ್ಲ ಅಷ್ಟು ಹೊತ್ತಿಗೆ ಅವನ ಮುಂಗೈಗೆ ಬಂದಿತ್ತು. ಚೆನ್ನಾಗಿದ್ದ ಎಡಗಣ್ಣಿನಲ್ಲಿ ಕೆಂಡ ಹೊಕ್ಕಂತಾಯಿತು. ಬಲಗಣ್ಣು ಹೊಗೆಸೊಪ್ಪಿನಿಂದ ಮೊದಲೇ ಊದಿತ್ತು. ಈಗ ಅದರ ಮೇಲೂ ಖಾರ ಬಿತ್ತು.

"ಲೇ, ಬೆಕ್ಕು ಬಿಟ್ಟು ನಿನ್ ಮುಖ ತೊಳ್ಕೊಳ್ಳೋ!" ಎಂದ ಅಪ್ಪಯ್ಯಣ್ಣ ಬಾಗಿಲಿನಿಂದ.

"ಬಿಟ್ರೆ ಅದು ಉಜ್ಕೋತದೆ."

"ನಾನು ಹಿಡ್ಕೋತೀನಿ ಕೊಡಲಾ" ಎಂದು ಬೈರಣ್ಣ ಒಳಗೆ ಕಾಲಿಟ್ಟ. ಬಾಯಲ್ಲಿ ಇನ್ನೂ ಹೊಗೆಸೊಪ್ಪಿತ್ತು.

"ಯಾರೂ ಹತ್ರ ಬರ್ಬೇಡಿ!" ಗೋಪಾಲಪ್ಪ ಗುಡುಗಿದ. ಅವನಿಂದ ಅಂಥ ಸದ್ದನ್ನು ಬೀದಿ ಕೇಳಿದ್ದು ಅದೇ ಮೊದಲು. ಇಣುಕುತ್ತಿದ್ದ ಮುನಿತಾಯಮ್ಮನೂ ಸೇರಿ ಮೂವರೂ ಹಿಂದಕ್ಕೆ ಸರಿದು ಹೊಸ್ತಿಲಾಚೆ ನಿಂತರು. ಅವನು ತೊಳೆದ, ಅದ್ದಿದ, ಮತ್ತೆ ತೊಳೆದ. ಕಣ್ಣು ಎರಡೂ ಮುಚ್ಚಿಹೋದ ಮೇಲೆ ತಡಕಾಡಿ ತೊಳೆದ. ಕೊನೆಗೆ ಬೆಕ್ಕಿಗೆ ಒದರಿ ಒದರಿ ಸಾಕಾಗಿ ತೊಡೆಯ ಮೇಲೇ ನಿದ್ದೆಹೋಯಿತು. ಆಗಲೂ ಅವನು ಅದರ ಕಾಲು ಬಿಡಲಿಲ್ಲ.

ಹೊತ್ತು ಇಳಿಯುವಾಗ ಅಪ್ಪಯ್ಯಣ್ಣ ಕೂಗಿದ. "ತೆಗೀತು! ಗೋಪಾಲಪ್ಪ, ಎಡಗಣ್ಣು ತೆಗೀತು ಕಣೋ! ವಸಿ ಕೆಂಪಗೈತೆ. ಆದ್ರೆ ಎರಡೂ ಬಿಟ್ಕೊಂಡು ನಿನ್ನೇ ನೋಡ್ತೈತೆ!"

ಗೋಪಾಲಪ್ಪ ನಕ್ಕ. ಅವನ ಮುಖದಲ್ಲಿ ಕಣ್ಣಿದ್ದ ಜಾಗದಲ್ಲಿ ಎರಡು ಬೋಂಡ ಇದ್ದವು. ಅವುಗಳ ಕೆಳಗೆ ಆ ನಗು ಬಹಳ ಚೆನ್ನಾಗಿ ಕಂಡಿತು.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಇದ್ದಿಲಿನ ಬಸ್ಸು ಕೆಮ್ಮಿತು. ಹೆಜ್ಜೆಗಳು ಬಂದವು. ಅತ್ತೆಯ ಕಾಲ್ಕಡಗ, ಲಕ್ಷ್ಮೀದೇವಿಯ ಬಳೆ, ಎರಡನ್ನೂ ಅವನು ಗುರುತಿಸಿದ. ಜೊತೆಗೆ ಚರ್ಮದ ಜೋಡಿನ ಕಿರುಗುಟ್ಟುವ ಸದ್ದೂ ಇತ್ತು. ಬೈರಣ್ಣನದಿರಬೇಕು ಎಂದುಕೊಂಡ. ಬೈರಣ್ಣ ಯಾವತ್ತೂ ಬರಿಗಾಲಿನವನೆಂಬುದು ಆಗ ಅವನಿಗೆ ನೆನಪಾಗಲಿಲ್ಲ.

"ಅಯ್ಯೋ ಶಿವನೇ! ಇದೇನೋ ನಿನ್ ಮುಖ!" ಎಂದಳು ಅತ್ತೆ.

ಗೋಪಾಲಪ್ಪ ಬಾಯಿ ತೆರೆಯುವ ಮೊದಲೇ ಮೂವರೂ ಒಟ್ಟಿಗೆ ಹೇಳತೊಡಗಿದರು. ಮುನಿತಾಯಮ್ಮ ಮೊರದ ಸಂಗತಿ ಹೇಳಿದಳು, ಎದೆಹಾಲನ್ನು ಬಿಟ್ಟು. ಬೈರಣ್ಣ ಆಸ್ಪತ್ರೆಯ ಸಂಗತಿ ಹೇಳಿದ, ಹೊಗೆಸೊಪ್ಪನ್ನು ಬಿಟ್ಟು. ಅಪ್ಪಯ್ಯಣ್ಣ ಹರಿದ ರೇಷ್ಮೆ ಅಂಚನ್ನು ಎತ್ತಿ ಹಿಡಿದು, "ಇಂಥ ಗಂಡಸನ್ನ ನಾನು ನೋಡಿಲ್ಲಮ್ಮ. ತನ್ನ ಎರಡು ಕಣ್ಣು ಹೋದ್ರೂ ಬೆಕ್ಕಿನ ಕೈ ಬಿಡ್ಲಿಲ್ಲ" ಎಂದು ತೀರ್ಪು ಕೊಟ್ಟ.

ಯಾರೋ ಬೆಕ್ಕನ್ನು ಅವನ ತೊಡೆಯಿಂದ ಮೆಲ್ಲಗೆ ಎತ್ತಿಕೊಂಡರು. ಬಳೆಯ ಸದ್ದು, ಬಿಕ್ಕಿದ ಸದ್ದು.

"ಏನೇ ಲಕ್ಷ್ಮೀದೇವಿ, ಈಗ ಒಪ್ಗೇನಾ?" ಎಂದಳು ಅತ್ತೆ.

"ಒಪ್ಗೆ ಅವ್ವ" ಎಂದಳು ಅವಳು. "ಇಂಥೋರು ಇನ್ನೊಬ್ರು ಸಿಗಲ್ಲ."

ಗೋಪಾಲಪ್ಪನ ಮುಚ್ಚಿದ ಕಣ್ಣಿನ ಒಳಗೆ ವಾಲಗ ಊದತೊಡಗಿತು.

"ಕೈ ನೀಡೋ ಗೋಪಾಲ. ನಾಲ್ಕು ಜನ ನೋಡ್ತಾವ್ರೆ. ಮನಸ್ಸು ತುಂಬ ತಗೋ."

ಅವನು ಎರಡೂ ಕೈ ನೀಡಿದ. ತಣ್ಣಗೆ ಎಲೆ, ಗುಂಡಗೆ ಅಡಿಕೆ, ಮೇಲೊಂದು ತೆಂಗಿನಕಾಯಿ. ಅವನು ಎಲ್ಲವನ್ನೂ ಕಣ್ಣಿಗೊತ್ತಿಕೊಂಡು, ಉರಿಗೆ ಒಮ್ಮೆ ಹಾರಿಬಿದ್ದು, "ಮನಸ್ಸು ತುಂಬ ತಗೊಂಡಿದೀನಿ ಅತ್ತೆ" ಎಂದ.

ಅವನ ತೊಡೆಯ ಮೇಲೆ ಮತ್ತೆ ಬೆಚ್ಚಗಿನ ಭಾರ ಬಂದು ಕೂತಿತು. ಲಕ್ಷ್ಮೀದೇವಿಯ ದನಿ ತೀರ ಹತ್ತಿರದಲ್ಲಿ ಕೇಳಿಸಿತು.

"ಜೋಪಾನ ನೋಡ್ಕೋ ಅಣ್ಣಾ."

ವಾಲಗ ನಿಂತಿತು. "ಏನಂದೆ?"

ಜೋಡು ಕಿರುಗುಟ್ಟಿತು. "ಬಾಳ ಉಪಕಾರ ಆಯ್ತು" ಎಂದಿತು ಗಂಡಸಿನ ಹೊಸ ದನಿಯೊಂದು.

"ಇವ್ರೇ ಕಣೋ ನಲ್ಲೂರಿನ ಸಂಜೀವಪ್ಪ" ಎಂದಳು ಅತ್ತೆ. "ಘಾಟಿಲಿ ಹುಡುಗೀನ ನೋಡಿ ಒಪ್ಕೊಂಡ್ರು. ಒಳ್ಳೆ ಮನೆ. ಆದ್ರೆ ನಾಲ್ಕು ಬೇಟೆನಾಯಿ ಸಾಕವ್ರೆ, ಬೆಕ್ಕು ಇಟ್ಕೊಳಂಗಿಲ್ಲ. ಇವಳದು ಒಂದೇ ಹಠ. ಜರ್ಮನಿಗೆ ಪ್ರಾಣ ಕೊಟ್ಟು ನೋಡ್ಕೊಳೋರು ಸಿಗೋವರ್ಗೂ ಹಸೆಗೆ ಕೂರಲ್ಲ ಅಂತ. ಎರಡು ಸಂಬಂಧ ಇದ್ರಿಂದಾನೇ ತಪ್ಪಿಹೋಯ್ತು ನೋಡು. ಗೋಪಾಲನ ಹತ್ರ ಒಂದು ದಿನ ಬಿಟ್ಟು ನೋಡಾನ ಅಂದೆ. ನೀನು ಗೆದ್ದುಬಿಟ್ಟೆ ಕಣಪ್ಪ! ಹಕ್ಕಿರೋನು, ಏನಂತೀಯೋ ಅಂತ ನಂಗೆ ಒಳಗೇ ಅಳುಕಿತ್ತು. ಒಂದು ಮಾತೂ ಆಡ್ದೆ ಎಲೆ ಅಡಿಕೆ ತಗೊಂಡು ಬಿಟ್ಕೊಟ್ಟೆ. ದೊಡ್ಡ ಮನಸ್ಸು."

"ಅತ್ತೆ… ನಾನು ನೋಡ್ಲಿಲ್ಲ… ನಂಗೆ ಕಣ್ಣು…"

"ನೀನು ನೋಡದಿದ್ರೇನಪ್ಪ" ಎಂದ ಅಪ್ಪಯ್ಯಣ್ಣ, ದಫೇದಾರನ ದನಿಯಲ್ಲಿ. "ನಾವೆಲ್ಲ ನೋಡಿದೀವಲ್ಲ!"

ಬಳೆ, ಕಾಲ್ಕಡಗ, ಜೋಡು ಬೀದಿಯಲ್ಲಿ ಸಣ್ಣಗಾಗುತ್ತ ಹೋದವು. ನೆರೆಯವರೂ ಚದುರಿದರು. ಗೋಪಾಲಪ್ಪ ಎಲೆ ಅಡಿಕೆಯನ್ನು ತಡಕಾಡಿ ಪಕ್ಕಕ್ಕೆ ಇಟ್ಟ. ಆಮೇಲೆ ಎರಡು ಬೆರಳಿನಲ್ಲಿ ಎಡಗಣ್ಣಿನ ರೆಪ್ಪೆ ಬಿಡಿಸಿ ನೋಡಿದ. ಜರ್ಮನಿ ಎರಡೂ ಕಣ್ಣನ್ನು ಅಗಲವಾಗಿ ಬಿಟ್ಟುಕೊಂಡು, ಇನ್ನು ಮುಂದೆ ತನ್ನದಾದ ಮನೆಯನ್ನು ಮೂಲೆ ಮೂಲೆಯಾಗಿ ಪರೀಕ್ಷಿಸುತ್ತಿತ್ತು.

ಗೋಡೆಯಾಚೆ ಮುನಿತಾಯಮ್ಮನ ಒನಕೆ ಮತ್ತೆ ಶುರುವಾಯಿತು. ಜರ್ಮನಿ ಕಿವಿ ನಿಮಿರಿಸಿತು. ಮೈ ಮುರಿದು, ಹಿತ್ತಿಲ ಗೋಡೆಯ ಕಡೆಗೆ ನಡೆಯಿತು.